ಬಟ್ಟೆ ಅಂಗಡಿಗೆ ಕಂಪ್ಯೂಟರ್: ಬಿಲ್ಲು ಆಮೇಲೆ, ಸ್ಟಾಕ್ ಮೊದಲು

ಹಾಸನದ ಕಸ್ತೂರಬಾ ರಸ್ತೆಯಲ್ಲಿ, ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಗಲ್ಲಾ ಪಕ್ಕ ಕಂಪ್ಯೂಟರ್ ಇಟ್ಟುಕೊಂಡ ಬಟ್ಟೆ ಅಂಗಡಿಗಳು ಬೇಕಾದಷ್ಟಿವೆ. ಬಿಲ್ಲು ಸರ್ ಅಂತ ಬರುತ್ತದೆ, ದುಡ್ಡು ಬಂತು ಎಂದು ಸೌಂಡ್‌ಬಾಕ್ಸ್ ಕೂಗುತ್ತದೆ. ಆದರೆ ಮಾಲೀಕರನ್ನು 'ಅಣ್ಣಾ, ಈ ಪ್ಯಾಂಟಲ್ಲಿ 32 ಸೈಜ್ ಎಷ್ಟಿದೆ?' ಎಂದು ಕೇಳಿ ನೋಡಿ. ಕಂಪ್ಯೂಟರ್ ಕಡೆ ತಿರುಗಿಯೂ ನೋಡದೆ ಎದ್ದು ರ್ಯಾಕಿನ ಹತ್ರ ಹೋಗುತ್ತಾರೆ. ಅಂದಮೇಲೆ ಅವರು ಕೊಂಡದ್ದು ಒಂದು ದುಬಾರಿ ಬಿಲ್ ಪುಸ್ತಕ, ಅಷ್ಟೆ.

ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಸಕಲೇಶಪುರದ ಕಡೆ ಮನೆಯವರೂ ಇಬ್ಬರು ಮೂವರು ಕೆಲಸದವರೂ ಸೇರಿ ನಡೆಸುವ ಅಂಗಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ದೊಡ್ಡ ಶೋರೂಮಿನವರಿಗೆ ಇದು ಬೇಕಿಲ್ಲ. ಅವರಿಗೆ ಹೇಳಿಕೊಡುವವರು ಬೇರೆ ಇರುತ್ತಾರೆ.

ಮೊದಲ ಹೆಜ್ಜೆ: ಆಷಾಢಕ್ಕೆ ಕಾಯಿರಿ

ಸಾಫ್ಟ್‌ವೇರ್ ಮಾರುವವರು 'ಏಪ್ರಿಲ್ 1ರಿಂದ ಶುರು ಮಾಡಿ ಸಾರ್, ಹೊಸ ಲೆಕ್ಕದ ವರ್ಷ' ಎನ್ನುತ್ತಾರೆ. ಆಡಿಟರಿಗೂ ಅದೇ ಇಷ್ಟ. ಆದರೆ ಏಪ್ರಿಲ್, ಮೇನಲ್ಲಿ ಮದುವೆ ಜವಳಿ, ಅದರ ಬೆನ್ನಿಗೇ ಶಾಲೆ ಯೂನಿಫಾರ್ಮು. ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ಸ್ಟಾಕ್ ಎಣಿಸುವವರು ಯಾರು?

ಆಷಾಢವೇ ಸರಿಯಾದ ಹೊತ್ತು. ಮದುವೆ ಇರುವುದಿಲ್ಲ, ಗಿರಾಕಿ ಕಮ್ಮಿ. ಆಷಾಢದ ಸೇಲಿಗೆಂದು ಹಳೇ ಮಾಲು ಹೇಗೂ ಕೆಳಗಿಳಿಸುತ್ತೀರಿ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ, ದೀಪಾವಳಿ ಒಂದರ ಹಿಂದೆ ಒಂದು ಬರುತ್ತವೆ. ಹಾಸನದಲ್ಲಂತೂ ಆಶ್ವಯುಜದಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆರೆದರೆ ಊರೆಲ್ಲಾ ಜನ. ಆ ವಾರ ಹೊಸ ಬಿಲ್ಲಿಂಗ್ ಕಲಿಯಲು ಕೂರುವುದೆಂದರೆ ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸಿದ ಹಾಗೇ.

ಎರಡನೇ ಹೆಜ್ಜೆ: ಎಣಿಸಿ, ಹೆಸರಿಡಿ

ಇಡೀ ಕೆಲಸದಲ್ಲಿ ಬೇಸರದ್ದು ಇದೇ, ಮುಖ್ಯವಾದದ್ದೂ ಇದೇ. ಕಂಪ್ಯೂಟರ್ ಇನ್ನೂ ಬಂದಿರದಿದ್ದರೂ ಪರವಾಗಿಲ್ಲ, ಒಂದು ಲಾಂಗ್ ನೋಟ್‌ಬುಕ್ ಸಾಕು. ದಿನಕ್ಕೆ ಒಂದು ರ್ಯಾಕ್ ಹಿಡಿಯಿರಿ. ಬೆಳಿಗ್ಗೆ ಬೋಣಿಗೆ ಮುಂಚೆ ಒಬ್ಬರು ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಮಾಲಿನ ಹೆಸರು, ಸೈಜ್, ಬಣ್ಣ, ಎಷ್ಟು ಪೀಸ್, ಕೊಂಡ ಬೆಲೆ, ಮಾರುವ ಬೆಲೆ, ಯಾವ ಹಬ್ಬಕ್ಕೆ ತಂದದ್ದು. ಎಣಿಸಿ ಮುಗಿದ ರ್ಯಾಕಿಗೆ ಒಂದು ಬಣ್ಣದ ಚೀಟಿ ಅಂಟಿಸಿ. ಆ ರ್ಯಾಕಿನಿಂದ ಮಾರಿದ ಪ್ರತಿ ಪೀಸನ್ನೂ ಅವತ್ತೇ ನೋಟ್‌ಬುಕ್ಕಿನಲ್ಲಿ ಕಳೆಯಿರಿ. ಇಲ್ಲದಿದ್ದರೆ ಕೊನೆ ರ್ಯಾಕಿಗೆ ಬರುವಷ್ಟರಲ್ಲಿ ಮೊದಲ ರ್ಯಾಕಿನ ಲೆಕ್ಕ ತಪ್ಪಿರುತ್ತದೆ.

ಹೆಸರಿಡುವಾಗ ಹೋಲ್‌ಸೇಲ್ ಬಿಲ್ಲಿನ ಹೆಸರು ನಕಲು ಮಾಡಬೇಡಿ. ಸೂರತ್ತಿನ ಬಿಲ್ಲಿನಲ್ಲಿ ಏನೋ ಒಂದು ನಂಬರು, ಅದರ ಮುಂದೆ 'ಫ್ಯಾನ್ಸಿ' ಎಂದಷ್ಟೇ ಇರುತ್ತದೆ. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹುಡುಗಿ ಅದನ್ನು 'ಸಾಫ್ಟ್ ಸಿಲ್ಕ್, ಸಣ್ಣ ಬುಟ್ಟಾ' ಎನ್ನುತ್ತಾಳೆ. ಅವಳು ಹೇಳುವುದೇ ಹೆಸರು. ಸಪ್ಲೈಯರ್ ನಂಬರು ಪಕ್ಕದ ಕಾಲಂನಲ್ಲಿರಲಿ, ಮತ್ತೆ ಆರ್ಡರ್ ಕೊಡುವಾಗ ಬೇಕಾಗುತ್ತದೆ.

ಸೈಜು, ಬಣ್ಣ ಬೇರೆ ಬೇರೆ ಬರೆಯಲೇಬೇಕು. ಯಾಕೆ ಅಂದರೆ, ಬಳ್ಳಾರಿ ಜೀನ್ಸ್ ಆರು ಸೆಟ್ ತಂದಿರಿ ಎನ್ನೋಣ. ಸೆಟ್ಟಿಗೆ 28, 30, 32, 34, 36 ಒಂದೊಂದು. ಒಟ್ಟು 30 ಪೀಸ್. ಸ್ವಲ್ಪ ದಿನದಲ್ಲಿ 12 ಮಾರಾಟವಾಯಿತು, 18 ಉಳಿಯಿತು. ಮೇಲ್ನೋಟಕ್ಕೆ ಮಾಲು ಧಾರಾಳವಾಗಿದೆ ಅನ್ನಿಸುತ್ತದೆ. ಆದರೆ ಹೋದ 12 ಪೀಸೂ 32, 34 ಸೈಜಿನವೇ ಆಗಿದ್ದರೆ? ನಿಮ್ಮ ಹತ್ರ ಉಳಿದಿರುವುದು ಬರೀ 28, 30, 36. ಜಾಸ್ತಿ ಜನ ಕೇಳುವ ಸೈಜೇ ಇಲ್ಲ. 'ಸೈಜ್ ಕಟ್ ಆಗಿದೆ' ಎಂದು ದಿನಾ ಗೊಣಗುವುದು ಇದಕ್ಕೇ ಅಲ್ವಾ? ಸೈಜ್‌ವಾರು ಲೆಕ್ಕ ಇದ್ದರೆ ಇದು ಮೊದಲ ವಾರವೇ ಕಣ್ಣಿಗೆ ಬೀಳುತ್ತದೆ.

ಮೀಟರ್ ಬಟ್ಟೆಯ ಕಥೆ ಬೇರೆ. ಥಾನನ್ನು, ಅಂದರೆ ಬಟ್ಟೆಯ ಇಡೀ ಸುರುಳಿಯನ್ನು, ಪೀಸ್ ಎಂದು ಹಾಕಬೇಡಿ, ಮೀಟರಿನಲ್ಲೇ ಹಾಕಿ. ಬ್ಲೌಸ್ ಪೀಸ್ ಕತ್ತರಿಸುವಾಗ ಎಲ್ಲರೂ ನಾಲ್ಕು ಬೆರಳು ಜಾಸ್ತಿಯೇ ಬಿಡುತ್ತಾರೆ, ಬಿಡದಿದ್ದರೆ ಗಿರಾಕಿ ಬಿಡುವುದಿಲ್ಲ. ಹಾಗಾಗಿ ಥಾನಿನ ಲೆಕ್ಕ ಕಂಪ್ಯೂಟರಿಗೆ ಯಾವತ್ತೂ ಪೂರ್ತಿ ತಾಳೆಯಾಗುವುದಿಲ್ಲ. ತಿಂಗಳಿಗೊಮ್ಮೆ ಅಳೆದು ವ್ಯತ್ಯಾಸವನ್ನು 'ಕತ್ತರಿ ನಷ್ಟ' ಎಂದು ಬರೆದು ಸರಿಪಡಿಸಿ. ಅದಕ್ಕೆ ಕೆಲಸದವರ ಮೇಲೆ ಅನುಮಾನ ಪಡಬೇಡಿ.

ಮೂರನೇ ಹೆಜ್ಜೆ: ಜಿಎಸ್‌ಟಿಯಲ್ಲಿ ನೀವು ಎಲ್ಲಿ ನಿಂತಿದ್ದೀರಿ?

ಸಾಫ್ಟ್‌ವೇರ್ ಆರಿಸುವ ಮುಂಚೆ ಇದು ಗೊತ್ತಿರಬೇಕು, ಯಾಕೆಂದರೆ ಬಿಲ್ಲಿನ ನಮೂನೆಯೇ ಬದಲಾಗುತ್ತದೆ.

ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಅಂಗಡಿಯಲ್ಲೇ ಟೈಲರ್ ಇಟ್ಟು ಹೊಲಿಗೆಗೆ ಬೇರೆ ದುಡ್ಡು ತೆಗೆದುಕೊಳ್ಳುತ್ತಿದ್ದರೆ ಅದು ಸೇವೆ. ಆಗ 20 ಲಕ್ಷದ ಮಿತಿ ಬರಬಹುದು, ಆಡಿಟರ್ ಹತ್ರ ಕೇಳಿಬಿಡಿ. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಕಾಂಪೊಸಿಷನ್ ಎಂಬ ಸರಳ ತೆರಿಗೆ ಪದ್ಧತಿ ತೆಗೆದುಕೊಳ್ಳಬಹುದು. ವಹಿವಾಟಿನ ಶೇ 1ರಷ್ಟು ತೆರಿಗೆ ನಿಮ್ಮ ಜೇಬಿನಿಂದ ಕಟ್ಟುತ್ತೀರಿ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿ ಮೇಲಿನ ತೆರಿಗೆಯೂ ವಾಪಸ್ ಸಿಗುವುದಿಲ್ಲ. ಅಂಥವರ ಬಿಲ್ಲಿನ ಮೇಲೆ 'ಟ್ಯಾಕ್ಸ್ ಇನ್‌ವಾಯ್ಸ್' ಎಂದಲ್ಲ, 'ಬಿಲ್ ಆಫ್ ಸಪ್ಲೈ' ಎಂದಿರಬೇಕು.

ಮಾಮೂಲಿ ನೋಂದಣಿ ಇರುವವರಿಗೆ ತೆರಿಗೆ ದರ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಸಿದ್ಧ ಉಡುಪು ಪೀಸಿಗೆ 2,500 ರೂ.ವರೆಗೆ ಶೇ 5, ಅದು ದಾಟಿದರೆ ಶೇ 18. ಮುಂಚೆ 1,000 ರೂ. ಗಡಿ ಇತ್ತು, ಮೇಲಿನದಕ್ಕೆ ಶೇ 12. ಹೊಲಿಯದ ಸೀರೆ, ಮೀಟರ್ ಬಟ್ಟೆಗೆ ಬೆಲೆ ಎಷ್ಟೇ ಇರಲಿ ಶೇ 5.

ನಾಲ್ಕನೇ ಹೆಜ್ಜೆ: ಡೆಮೊ ತೋರಿಸಲು ಬಂದವರನ್ನು ಪರೀಕ್ಷೆ ಮಾಡಿ

ಬೆಂಗಳೂರಿನದೇ ಆದ ಟ್ಯಾಲಿ ಇದೆ, ಮೊಬೈಲಿನಲ್ಲೇ ನಡೆಯುವ ವ್ಯಾಪಾರ್ ಇದೆ, ಬಟ್ಟೆ ಅಂಗಡಿಗೆಂದೇ ಮಾಡಿದ ಬೇರೆಯವೂ ಇವೆ. ಯಾವುದು ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಬಂದವರು ಅವರಿಗೆ ಬೇಕಾದ್ದನ್ನು ತೋರಿಸಲು ಬಿಡಬೇಡಿ. ನಿಮ್ಮ ಅಂಗಡಿಯ ಮಾಲನ್ನೇ ಕೈಗೆ ಕೊಟ್ಟು ಬಿಲ್ ಮಾಡಿಸಿ.

ಮೊದಲು ಚೌಕಾಸಿ ಮಾಡಿ ತೋರಿಸಿ. ತೆರಿಗೆ ಸೇರಿ 3,200 ರೂ. ಚೀಟಿ ಇರುವ ಶೇರ್ವಾನಿ, ತೆರಿಗೆ ಶೇ 18. ಗಿರಾಕಿ ಎಳೆದಾಡಿ 2,400ಕ್ಕೆ ಇಳಿಸಿದ. ಬಿಲ್ಲಿನಲ್ಲಿ ರಿಯಾಯಿತಿ ಹಾಕಿದ ತಕ್ಷಣ ತೆರಿಗೆ ತಾನಾಗಿ ಶೇ 5ಕ್ಕೆ ಇಳಿಯಬೇಕು, ಯಾಕೆಂದರೆ ಲೆಕ್ಕಕ್ಕೆ ಬರುವುದು ನಿಜವಾಗಿ ಮಾರಿದ ಬೆಲೆ. ಇಳಿದರೆ ಆ 2,400ರಲ್ಲಿ ತೆರಿಗೆ 114 ರೂ. ಇಳಿಯದಿದ್ದರೆ 366 ರೂ. ಒಂದೇ ಬಿಲ್ಲಿನಲ್ಲಿ 250 ರೂ. ಹೋಯಿತು, ಅದೂ ನಿಮ್ಮ ಲಾಭದಿಂದ. ಹಳೇ ದರದ ಗಡಿಯಲ್ಲೇ ನಿಂತ ಸಾಫ್ಟ್‌ವೇರುಗಳೂ ಇಲ್ಲೇ ಸಿಕ್ಕಿಬೀಳುತ್ತವೆ.

ಆಮೇಲೆ ಬದಲಾವಣೆ. ನಿನ್ನೆ ಒಯ್ದ ಚೂಡಿದಾರ್ ವಾಪಸ್ ಬಂತು. ಬದಲಿಗೆ ಇನ್ನೊಂದು ತೆಗೆದುಕೊಂಡು 150 ರೂ. ಜಾಸ್ತಿ ಕೊಡುತ್ತಾರೆ. ಒಂದೇ ಬಿಲ್ಲಿನಲ್ಲಿ ಹಳೆಯದು ಸ್ಟಾಕಿಗೆ ಸೇರಿ, ಹೊಸದು ಕಳೆದು, 150 ಮಾತ್ರ ಬರಬೇಕು. ಹಬ್ಬದ ಮಾರನೇ ದಿನ ಇಂಥವೇ ಸಾಲುಗಟ್ಟುತ್ತವೆ. ಹಾಗೇ ಬಿಲ್ ಅರ್ಧ ಆಗಿರುವಾಗ 'ಒಂದು ಟವೆಲ್ ಮರೆತೆ, ತರ್ತೀನಿ' ಎಂದು ಗಿರಾಕಿ ಒಳಗೆ ಹೋದರೆ, ಆ ಬಿಲ್ಲನ್ನು ಪಕ್ಕಕ್ಕಿಟ್ಟು ಹಿಂದೆ ನಿಂತವರದ್ದು ಮಾಡಲು ಆಗಬೇಕು.

ಮೂರನೆಯದು, ಇಂಟರ್‌ನೆಟ್ ವೈರು ಕಿತ್ತುಬಿಡಿ. ಮಳೆಗಾಲದಲ್ಲಿ ಸಕಲೇಶಪುರ, ಚಿಕ್ಕಮಗಳೂರು ಕಡೆ ಕರೆಂಟು, ನೆಟ್‌ವರ್ಕು ಎರಡೂ ಯಾವಾಗ ಹೋಗುತ್ತವೋ ಹೇಳಲಾಗದು. ನೆಟ್ ಇಲ್ಲದೆ ಬಿಲ್ ಆಗದ ಸಾಫ್ಟ್‌ವೇರ್ ಮಲೆನಾಡಿನ ಅಂಗಡಿಗೆ ಬೇಡ. ಕೊನೆಗೆ, ನಿಮ್ಮ ಸ್ಟಾಕ್ ಪಟ್ಟಿ ಪೂರ್ತಿ ಎಕ್ಸೆಲ್‌ಗೆ ತೆಗೆದು ಕೊಡಲು ಹೇಳಿ. ಕೊಡಲು ಮೀನಮೇಷ ಎಣಿಸಿದರೆ ಅವರನ್ನು ಬಿಡಿ. ನಾಳೆ ಬೇರೆಯವರ ಹತ್ರ ಹೋಗಬೇಕಾದಾಗ ನಿಮ್ಮ ಲೆಕ್ಕ ಅವರ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕಳ್ಳ ಕಾಪಿ ಹಾಕಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಅದರ ಜೊತೆ ವೈರಸ್ಸೂ ಬರಬಹುದು, ಲೆಕ್ಕವೆಲ್ಲಾ ಒಂದೇ ದಿನ ಹೋಗಬಹುದು. ನೂರಿನ್ನೂರು ಜಾಸ್ತಿಯಾದರೂ ಕರೆದರೆ ಬರುವವರು ಊರಲ್ಲೇ ಇರುವ ಸಾಫ್ಟ್‌ವೇರ್ ತೆಗೆದುಕೊಳ್ಳಿ. ದೀಪಾವಳಿ ಸಂಜೆ ಪ್ರಿಂಟರ್ ನಿಂತಾಗ ಫೋನಿನಲ್ಲಿ 'ಟಿಕೆಟ್ ರೈಸ್ ಮಾಡಿ' ಎನ್ನುವವರಿಂದ ಏನು ಪ್ರಯೋಜನ?

ಐದನೇ ಹೆಜ್ಜೆ: ಸಾಮಾನು ಮತ್ತು ಚೀಟಿ

ಸಾಮಾನಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವುದು ಬೇಡ. ಮಾಮೂಲಿ ಕಂಪ್ಯೂಟರ್, ಯುಪಿಎಸ್, ಮೂರು ಇಂಚಿನ ಥರ್ಮಲ್ ಬಿಲ್ ಪ್ರಿಂಟರ್, ವೈರಿರುವ ಸ್ಕ್ಯಾನರ್, ಬಾರ್‌ಕೋಡ್ ಚೀಟಿಯ ಪ್ರಿಂಟರ್, ಇಷ್ಟೇ. ಒಂದು ಕಡೆ ಮಾತ್ರ ಕಂಜೂಸ್ ಮಾಡಬೇಡಿ. ಚೀಟಿ ಪ್ರಿಂಟರ್ ರಿಬ್ಬನ್ ಹಾಕುವಂಥದ್ದೇ ಇರಲಿ. ರಿಬ್ಬನ್ ಇಲ್ಲದ ಚೀಟಿ ಬಿಸಿಲಿಗೆ, ಉಜ್ಜಾಟಕ್ಕೆ ಮಾಸುತ್ತದೆ. ಆರು ತಿಂಗಳು ರ್ಯಾಕಿನಲ್ಲಿ ಕೂತ ಸೀರೆಯ ಚೀಟಿಯನ್ನು ಸ್ಕ್ಯಾನರ್ ಓದುವುದೇ ಇಲ್ಲ.

ಬ್ರ್ಯಾಂಡ್ ಬನಿಯನ್, ಶರ್ಟುಗಳ ಮೇಲೆ ಕಂಪನಿಯ ಬಾರ್‌ಕೋಡ್ ಇದ್ದೇ ಇರುತ್ತದೆ. ಬಾರ್‌ಕೋಡ್ ನಂಬರು ಕೊಡುವ ಸಂಸ್ಥೆ ಜಿಎಸ್1 ಇಂಡಿಯಾದಿಂದ ಪಡೆದದ್ದಾದರೆ 890ರಿಂದ ಶುರುವಾಗುತ್ತದೆ. ಅದನ್ನೇ ಬಳಸಿ, ಮೇಲೆ ಇನ್ನೊಂದು ಅಂಟಿಸುವ ಕೆಲಸ ಬೇಡ. ಸೀರೆ, ಲೋಕಲ್ ರೆಡಿಮೇಡ್‌ಗೆ ಮಾತ್ರ ನಿಮ್ಮದೇ ಕೋಡ್ ಮಾಡಿಕೊಳ್ಳಿ.

ಚೀಟಿ ಹಾಕುವಾಗ ಕೈ ಹುಷಾರು. ರೇಷ್ಮೆ ಸೀರೆಗೆ ಟ್ಯಾಗ್ ಗನ್ ಹೊಡೆದರೆ ತೂತು ಉಳಿಯುತ್ತದೆ, ಜರಿ ಅಂಚಿನ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಗೋಂದಿನ ಕಲೆ. ಮಡಿಕೆಯ ಒಳಗಿನ ಮೂಲೆಗೆ ದಾರದಲ್ಲಿ ರಟ್ಟಿನ ಚೀಟಿ ಕಟ್ಟಿ. ಶರ್ಟು, ಚೂಡಿದಾರ್‌ಗಾದರೆ ಕಂಪನಿ ಲೇಬಲ್ಲಿನ ಕುಣಿಕೆಯಲ್ಲಿ ಗನ್ ಹೊಡೆಯಿರಿ, ಬಟ್ಟೆಗಲ್ಲ. ಥಾನಿಗೆ ಒಳಗಿನ ರಟ್ಟಿನ ತುದಿಗೆ ಅಂಟಿಸಿ, ಕತ್ತರಿಸುತ್ತಾ ಹೋದರೂ ಕೊನೆವರೆಗೆ ಉಳಿಯುತ್ತದೆ.

ಇನ್ನು ನಮ್ಮ ಹಳೇ ಪದ್ಧತಿಯೊಂದನ್ನು ಬಾರ್‌ಕೋಡ್ ಬಂತೆಂದು ಬಿಡಬೇಡಿ. ಕೊಂಡ ಬೆಲೆಯನ್ನು ಗುಟ್ಟಿನ ಅಕ್ಷರದಲ್ಲಿ ಚೀಟಿ ಮೇಲೆ ಬರೆಯುತ್ತಿದ್ದರಲ್ಲ, ಅದು. ಒಂದರಿಂದ ಸೊನ್ನೆವರೆಗೆ ಹತ್ತು ಅಂಕಿಗೆ ಹತ್ತು ಅಕ್ಷರ: ಕ, ಮ, ಲ, ಸ, ಹ, ನ, ಗ, ರ, ದ, ಬ ಎಂದಿಟ್ಟುಕೊಳ್ಳಿ. 640 ರೂ.ಗೆ ಕೊಂಡ ಸೀರೆಯ ಚೀಟಿ ಮೂಲೆಯಲ್ಲಿ 'ನಸಬ' ಎಂದು ಸಣ್ಣಗೆ ಪ್ರಿಂಟ್ ಆಗಲಿ. ಸೀರೆ ತೋರಿಸುವವರಿಗೆ ಎಲ್ಲಿವರೆಗೆ ಇಳಿಯಬಹುದು ಎಂದು ಅಲ್ಲೇ ಗೊತ್ತಾಗುತ್ತದೆ. ಪ್ರತಿ ಸಲ ಗಲ್ಲಾ ಕಡೆ ತಿರುಗಿ 'ಕೊಡ್ಲಾ ಅಣ್ಣಾ?' ಎಂದು ಕೂಗಬೇಕಿಲ್ಲ. ಪ್ರಿಂಟರ್ ಕನ್ನಡ ಅಕ್ಷರ ಹಿಡಿಯದಿದ್ದರೆ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ, ಗುಟ್ಟು ಗುಟ್ಟೇ.

ಆರನೇ ಹೆಜ್ಜೆ: ಕೆಲಸದವರು

ಕಂಪ್ಯೂಟರ್ ಮಗನಿಗೆ ಮಾತ್ರ ಬರುತ್ತದೆ, ಮಗ ಬೆಂಗಳೂರಿನಲ್ಲಿದ್ದಾನೆ. ಇಂಥ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟು. ಇಬ್ಬರಿಗಾದರೂ ಬಿಲ್ಲಿಂಗ್ ಕಲಿಸಿ. ಒಬ್ಬರು ಮಾಲು ತೋರಿಸುವವರೇ ಆಗಿದ್ದರೆ ಒಳ್ಳೆಯದು, ಅವರಿಗೆ ಮಾಲಿನ ಪರಿಚಯ ಇರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಡಿ. ಬಿಲ್ ಅಳಿಸುವುದು, ಬೆಲೆ ತಿದ್ದುವುದು ಮಾಲೀಕರ ಪಾಸ್‌ವರ್ಡಿಗೆ ಮಾತ್ರ ಇರಲಿ. ಇದು ಅನುಮಾನದ ಮಾತಲ್ಲ. ನಾಳೆ ಲೆಕ್ಕ ತಪ್ಪಿದಾಗ ಯಾರ ಮೇಲೂ ಸುಮ್ನೆ ಬೆರಳು ತೋರಿಸುವ ಹಾಗೆ ಆಗಬಾರದು.

ಮೊದಲ ಹದಿನೈದು ದಿನ ಕೈಬಿಲ್ಲೂ ಪಕ್ಕದಲ್ಲಿರಲಿ. ರಾತ್ರಿ ಬಾಗಿಲು ಹಾಕುವ ಮುಂಚೆ ಪೆನ್ ಡ್ರೈವಿಗೆ ಬ್ಯಾಕಪ್ ತೆಗೆದು ಮನೆಗೆ ಒಯ್ಯಿರಿ. ಅಂಗಡಿಯಲ್ಲೇ ಬಿಟ್ಟರೆ ಬ್ಯಾಕಪ್ ತೆಗೆದೂ ಉಪಯೋಗವಿಲ್ಲ.

ಏಳನೇ ಹೆಜ್ಜೆ: ದುಡ್ಡಿನ ದಾರಿ

ಯುಪಿಐ 2016ರಲ್ಲಿ ಬಂತು. ಈಗ ಸೊಪ್ಪು ಮಾರುವ ಅಜ್ಜಿ ಹತ್ರವೂ ಕ್ಯೂಆರ್ ಇದೆ, ಕಲಿಸುವ ಅಗತ್ಯವಿಲ್ಲ. ಆದರೂ ಎರಡು ಮಾತು.

ಅಂಗಡಿಯ ಕ್ಯೂಆರ್ ಅಂಗಡಿಯ ಚಾಲ್ತಿ ಖಾತೆಗೇ ಇರಲಿ. ತಂಗಿ ಕಳಿಸಿದ ಚೀಟಿ ದುಡ್ಡು, ಸೈಟ್ ಮಾರಿದ ಅಡ್ವಾನ್ಸು, ವ್ಯಾಪಾರದ ದುಡ್ಡು ಎಲ್ಲಾ ಒಂದೇ ಖಾತೆಗೆ ಬಂದರೆ ಯಾವುದು ವ್ಯಾಪಾರ ಎಂದು ಆಮೇಲೆ ತೋರಿಸುವುದು ಕಷ್ಟ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಜನ ಕ್ಯೂಆರ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬೋರ್ಡ್ ಹಾಕಿದರು. ಭಯ ಅರ್ಥವಾಗುತ್ತದೆ. ಆದರೆ ವಹಿವಾಟು ಎಂದರೆ ಕ್ಯಾಶೂ ಸೇರಿಯೇ ಲೆಕ್ಕ. ಬೋರ್ಡ್ ಬದಲಿಸಿದರೆ 40 ಲಕ್ಷದ ಗಡಿ ದೂರ ಹೋಗುವುದಿಲ್ಲ, ಗಿರಾಕಿ ಮಾತ್ರ ದೂರ ಹೋಗಬಹುದು.

ಇನ್ನೊಂದು ಮೋಸದ ವಿಷಯ. ಗಿರಾಕಿ ಫೋನಿನಲ್ಲಿ ತೋರಿಸುವ ಹಸಿರು ಟಿಕ್ ನಂಬಬೇಡಿ, ಅದೇ ಥರ ಕಾಣುವ ನಕಲಿ ಆ್ಯಪುಗಳಿವೆ. ಸೌಂಡ್‌ಬಾಕ್ಸ್ ಕೂಗಬೇಕು ಅಥವಾ ನಿಮ್ಮ ಫೋನಿನಲ್ಲಿ ಕಾಣಬೇಕು. ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಕ್ಯೂಆರ್ ಮೇಲೆ ಬೇರೆ ಯಾರಾದರೂ ತಮ್ಮ ಸ್ಟಿಕ್ಕರ್ ಅಂಟಿಸಿದ್ದಾರಾ ಎಂದು ಉಗುರಿನಲ್ಲಿ ಕೆರೆದು ನೋಡಿ. ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವರು ಕಳ್ಳರೇ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರಾತ್ರಿ ಕ್ಯಾಶ್, ಯುಪಿಐ, ಕಾರ್ಡ್, ಬಾಕಿ ನಾಲ್ಕೂ ಕೂಡಿದರೆ ಬಿಲ್ಲುಗಳ ಮೊತ್ತ ಬರಬೇಕು. ತೋಟದವರಿಗೆ, ಪರಿಚಯದವರಿಗೆ ಬಾಕಿ ಕೊಡದೆ ನಮ್ಮ ಕಡೆ ವ್ಯಾಪಾರ ನಡೆಯುವುದಿಲ್ಲ. ಅದೂ ಸಾಫ್ಟ್‌ವೇರಿನಲ್ಲೇ ಇರಲಿ, ಗಲ್ಲಾದೊಳಗಿನ ಚೀಟಿಯಲ್ಲಲ್ಲ.

ಎಂಟನೇ ಹೆಜ್ಜೆ: ವಾಟ್ಸ್ಆ್ಯಪ್

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪಿಗೆ ದುಡ್ಡಿಲ್ಲ, ಕ್ಯಾಟಲಾಗ್ ಮಾಡಬಹುದು. ಆದರೆ ದಿನಾ ಐವತ್ತು ಫೋಟೊ ತಳ್ಳಿದರೆ ಜನ ಮ್ಯೂಟ್ ಮಾಡುತ್ತಾರೆ. ಬ್ರಾಡ್‌ಕಾಸ್ಟ್ ಕಳಿಸಿದರೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹೊಸ ಮಾಲು ಬಂದಾಗ ಬಾಗಿಲ ಬೆಳಕಿನಲ್ಲಿ ಫೋಟೊ ತೆಗೆದು, ಬೆಲೆ ಬರೆದು, ಸ್ಟೇಟಸ್‌ಗೆ ಹಾಕುವುದೇ ವಾಸಿ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಬೇಡಿ, ಬೇರೆಯವರ ಫೋನಿನಲ್ಲಿ ಬರೀ ಗೋಜಲು ಕಾಣುತ್ತದೆ. ಯೂನಿಕೋಡ್‌ನಲ್ಲೇ, ಅಂದರೆ ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆಯಿರಿ.

ಬಿಲ್ ಮಾಡುವಾಗ ಫೋನ್ ನಂಬರಿಗೆ ಹಟ ಮಾಡಬೇಡಿ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಎನ್ನಬಾರದು ಎಂದು 2023ರ ಮೇನಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚಿಸಿದೆ. 'ಹೊಸ ಸ್ಟಾಕ್ ಬಂದ್ರೆ ತಿಳಿಸ್ಲಾ ಅಕ್ಕಾ?' ಎಂದು ಕೇಳಿ, ಹೂಂ ಎಂದವರದ್ದನ್ನು ಬರೆದುಕೊಳ್ಳಿ.

ಸ್ಟೇಟಸ್ ನೋಡಿ ಚೆನ್ನೈನಲ್ಲಿರುವ ಗಿರಾಕಿ ಸೀರೆ ಕೊರಿಯರ್ ಮಾಡಿ ಎಂದರೆ ಒಂದು ನಿಮಿಷ ನಿಲ್ಲಿ. ಕಾಂಪೊಸಿಷನ್‌ನವರು ಬೇರೆ ರಾಜ್ಯದಿಂದ ಮಾಲು ತರಿಸಬಹುದು, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ನೋಂದಣಿಯೇ ಇಲ್ಲದವರಿಗೂ ಆ ದಾರಿ ಇಲ್ಲ.

ಒಂಬತ್ತನೇ ಹೆಜ್ಜೆ: ರಿಪೋರ್ಟ್ ಓದುವುದು

ಸಾಫ್ಟ್‌ವೇರಿನಲ್ಲಿ ಹತ್ತಾರು ರಿಪೋರ್ಟುಗಳಿರುತ್ತವೆ. ನೋಡಬೇಕಾದವು ಮೂರು: ಯಾವ ಸೈಜ್ ಖಾಲಿಯಾಗಿದೆ, ಆರು ತಿಂಗಳಿಂದ ಅಲ್ಲಾಡದ ಮಾಲು ಯಾವುದು, ಯಾವ ಸಪ್ಲೈಯರ್ ಮಾಲು ಬೇಗ ಹೋಗುತ್ತದೆ. ಅಲ್ಲಾಡದ ಮಾಲನ್ನು ಮೇಲಿನ ರ್ಯಾಕಿಗೆ ಏರಿಸಬೇಡಿ, ಬಾಗಿಲ ಹತ್ರ ತನ್ನಿ. ಅಸಲು ಬಂದರೂ ಸಾಕು, ಆ ದುಡ್ಡಲ್ಲಿ ಓಡುವ ಮಾಲು ತರಬಹುದು.

ಹೋದ ವರ್ಷಕ್ಕೆ ಹೋಲಿಸುವಾಗ ಇಂಗ್ಲಿಷ್ ತಿಂಗಳು ನಂಬಿದರೆ ಎಡವುತ್ತೀರಿ. ಅಕ್ಟೋಬರಿಗೆ ಅಕ್ಟೋಬರ್ ಹೋಲಿಸುವುದು ಸಾಫ್ಟ್‌ವೇರಿನ ಅಭ್ಯಾಸ. ಆದರೆ 2025ರಲ್ಲಿ ದೀಪಾವಳಿ ಬಂದದ್ದು ಅಕ್ಟೋಬರ್ 20ರ ಹೊತ್ತಿಗೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಹಬ್ಬಗಳೆಲ್ಲಾ ಮುಂದಕ್ಕೆ ಹೋಗಿ ದೀಪಾವಳಿ ನವೆಂಬರ್ 8ರ ಹೊತ್ತಿಗೆ. ಎರಡು ಅಕ್ಟೋಬರ್ ಪಕ್ಕಪಕ್ಕ ಇಟ್ಟರೆ ವ್ಯಾಪಾರ ಬಿದ್ದೇ ಹೋಯಿತು ಎಂದು ಕಾಣುತ್ತದೆ. ಪಂಚಾಂಗ ಪಕ್ಕದಲ್ಲಿಟ್ಟುಕೊಂಡು, ಹಬ್ಬಕ್ಕೆ ಮುಂಚಿನ ಇಪ್ಪತ್ತು ದಿನವನ್ನು ಅದೇ ಹಬ್ಬದ ಮುಂಚಿನ ಇಪ್ಪತ್ತು ದಿನಕ್ಕೆ ಹೋಲಿಸಿ. ದಿನಾಂಕ ಕೊಟ್ಟು ರಿಪೋರ್ಟ್ ತೆಗೆಯುವ ಸೌಲಭ್ಯ ಸಾಮಾನ್ಯವಾಗಿ ಎಲ್ಲದರಲ್ಲೂ ಇರುತ್ತದೆ. ತೋಟದ ಕಡೆಯ ಅಂಗಡಿಯವರು ಕಾಫಿ ಕೊಯ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಲಿ ದುಡ್ಡು ಓಡಾಡುವ ವಾರಗಳಲ್ಲಿ ಸ್ವೆಟರು, ಮಕ್ಕಳ ಬಟ್ಟೆ ಹೋಗುವ ರೀತಿಯೇ ಬೇರೆ.

ಹಬ್ಬದ ಖರೀದಿಗೆ ಚಿಕ್ಕಪೇಟೆಗೋ ಬಳ್ಳಾರಿಗೋ ಹೊರಡುವಾಗ ಸೈಜ್ ರಿಪೋರ್ಟಿನ ಪ್ರಿಂಟು ಜೇಬಿನಲ್ಲಿರಲಿ. ಪೂರ್ತಿ ಸೆಟ್ಟೇ ತಗೋಬೇಕು ಎಂದು ಹೋಲ್‌ಸೇಲ್‌ನವರು ಹಟ ಹಿಡಿದರೆ, ಆ ಕಾಗದ ತೋರಿಸಿ 28, 36 ಕಮ್ಮಿ ಮಾಡಿ 32, 34 ಜಾಸ್ತಿ ಹಾಕಿಕೊಡಿ ಎಂದು ಕೇಳಿ. ಎಲ್ಲರೂ ಒಪ್ಪುವುದಿಲ್ಲ. ಒಪ್ಪದವರ ಮಾಲಿಗೆ ಬೆಲೆ ಕಟ್ಟುವಾಗ ಉಳಿಯುವ ಸೈಜುಗಳ ನಷ್ಟವನ್ನೂ ಸೇರಿಸಿಕೊಂಡು ಲೆಕ್ಕ ಹಾಕಿ.